ಪರಮಾಣುವಿಗೆ ಮೂರು ತೂಕಗಳೇ?



ಶಾಲೆಯಲ್ಲಿ ನಾನು ಪಾಠ ಮಾಡುವುದು ಉರ್ದು ಮತ್ತು ಕನ್ನಡ. ವಿಜ್ಞಾನದ ವಿಷಯದಲ್ಲಿ ನಾನೇಕೆ ಬಾಯಿ ಹಾಕಿದೆ ಎಂದು ನೀವು ಕೇಳಬಹುದು. ವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದ ಒಂದು ದಿನ ಒಂಬತ್ತನೆಯ ತರಗತಿಯ ಬದಲಿ ಪಿರಿಯಡ್ ನನ್ನ ಪಾಲಿಗೆ ಬಂತು. ಗಲಾಟೆ ಮಾಡದೆ ಓದಿಕೊಳ್ಳಿ ಎಂದು ಹೇಳಿ ಕುಳಿತಿದ್ದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಪುಸ್ತಕ ಹಿಡಿದು ಬಂದಳು. "ಟೀಚರ್, ಪುಸ್ತಕದಲ್ಲಿ ಕ್ಲೋರಿನ್‌ನ ರಾಶಿ ಸಂಖ್ಯೆ 35 ಅಂತಿದೆ. ಗೋಡೆ ಮೇಲಿನ ಚಾರ್ಟಿನಲ್ಲಿ 35.5 ಅಂತಿದೆ. ಎರಡರಲ್ಲಿ ಯಾವುದು ಸರಿ? ಅರ್ಧ ಎಲ್ಲಿಂದ ಬಂತು?" ಎಂದಳು. ನಾಳೆ ಹೇಳುತ್ತೇನೆ ಎಂದು ಅವಳನ್ನು ಕಳುಹಿಸಿದೆ. ಆ ನಾಳೆ ಬರಲು ಹಲವು ವಾರಗಳೇ ಹಿಡಿದವು. ಏಕೆಂದರೆ ಅರ್ಧ ಎಲ್ಲಿಂದ ಬಂತು ಎಂಬ ಆ ಪ್ರಶ್ನೆಗೆ ಉತ್ತರ ಹುಡುಕಲು ಯುರೋಪಿನ ರಸಾಯನಶಾಸ್ತ್ರಜ್ಞರಿಗೆ ನೂರು ವರ್ಷಕ್ಕಿಂತ ಹೆಚ್ಚು ಕಾಲ ಬೇಕಾಗಿತ್ತು ಎಂಬುದು ಓದುತ್ತಾ ಹೋದಂತೆ ತಿಳಿಯಿತು.

ಮೊದಲು ಪದಗಳನ್ನು ನೋಡೋಣ. ಪರಮಾಣು ತೂಕ, ಪರಮಾಣು ರಾಶಿ, ರಾಶಿ ಸಂಖ್ಯೆ. ನಮ್ಮ ಉರ್ದು ಮಾಧ್ಯಮದ ಮಕ್ಕಳಿಗೆ ಇವು ಜೌಹರಿ ವಜನ್, ಜೌಹರಿ ಕಮಿಯ್ಯತ್, ಕಮಿಯ್ಯತೀ ಅದದ್. ಅರಬ್ಬಿಯಲ್ಲಿ 'ಕಮ್' ಎಂದರೆ ಎಷ್ಟು, ಅದರಿಂದ ಕಮಿಯ್ಯತ್. 'ಕೈಫ್' ಎಂದರೆ ಹೇಗೆ, ಅದರಿಂದ ಕೈಫಿಯತ್. ಊರಿನ ಕೈಫಿಯತ್ತು ಎಂದು ನಾವು ಕನ್ನಡದಲ್ಲಿ ಹೇಳುವುದೂ ಇದನ್ನೇ. ಕನ್ನಡದ 'ರಾಶಿ' ಪದ ಮಕ್ಕಳನ್ನು ಇನ್ನೊಂದು ಬಗೆಯಲ್ಲಿ ಗೊಂದಲಕ್ಕೆ ಕೆಡವುತ್ತದೆ. ಕಣದಲ್ಲಿ ಜೋಳ ಒಕ್ಕಿ ಹಾಕಿದ ಗುಡ್ಡೆಯೂ ರಾಶಿ, ಪಂಚಾಂಗದ ಮೇಷ ವೃಷಭಗಳೂ ರಾಶಿ, ವಿಜ್ಞಾನದ ಪುಸ್ತಕದಲ್ಲಿ ವಸ್ತುವೊಂದರಲ್ಲಿರುವ ದ್ರವ್ಯದ ಪ್ರಮಾಣವೂ ರಾಶಿ. ಈ ಗುಡ್ಡೆಯ ಅರ್ಥವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಪಠ್ಯಪುಸ್ತಕದಲ್ಲಿ ಮೊದಲು ಪ್ರೋಟಾನ್ ನ್ಯೂಟ್ರಾನ್ ಬರುತ್ತವೆ, ಅವುಗಳನ್ನು ಎಣಿಸಿದರೆ ರಾಶಿ ಸಂಖ್ಯೆ ಬರುತ್ತದೆ, ಪರಮಾಣು ತೂಕ ಕೊನೆಗೆ ಬರುತ್ತದೆ. ಇತಿಹಾಸದಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು. ಪರಮಾಣುವನ್ನು ಯಾರೂ ಕಾಣದಿದ್ದ, ಅದರ ಒಳಗೆ ಏನಾದರೂ ಇದೆ ಎಂದು ಯಾರಿಗೂ ತಿಳಿಯದಿದ್ದ ಕಾಲದಲ್ಲಿ ಹುಟ್ಟಿದ ಪದ ಪರಮಾಣು ತೂಕ. ಗೊಂದಲದ ಬೇರು ಇರುವುದು ಇಲ್ಲಿಯೇ.

ಬೀಗ ಮತ್ತು ಬೀಗದ ಕೈ

ಇಂಗ್ಲೆಂಡಿನ ಜಾನ್ ಡಾಲ್ಟನ್ ಹುಟ್ಟಿದ್ದು 1766ರಲ್ಲಿ, ಕಂಬರ್‌ಲ್ಯಾಂಡಿನ ಒಂದು ಹಳ್ಳಿಯಲ್ಲಿ. ಅವರು ಕ್ವೇಕರ್ ಪಂಥಕ್ಕೆ ಸೇರಿದವರು. ಆ ಪಂಥದವರಿಗೆ ಅಂದು ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ನ ಬಾಗಿಲು ಮುಚ್ಚಿತ್ತು. ಹನ್ನೆರಡನೆಯ ವಯಸ್ಸಿಗೇ ಹಳ್ಳಿಯ ಮಕ್ಕಳಿಗೆ ಪಾಠ ಹೇಳಲು ನಿಂತ ಹುಡುಗ, ಮುಂದೆ ಮ್ಯಾಂಚೆಸ್ಟರಿನಲ್ಲಿ ಬಹುಕಾಲ ಮನೆಪಾಠ ಹೇಳಿಯೇ ಹೊಟ್ಟೆ ಹೊರೆದುಕೊಂಡರು. ಆಧುನಿಕ ಪರಮಾಣು ಸಿದ್ಧಾಂತ ಬಂದದ್ದು ಹೀಗೆ ಟ್ಯೂಷನ್ ಹೇಳುತ್ತಿದ್ದ ಒಬ್ಬ ಮೇಷ್ಟರಿಂದ ಎಂಬುದನ್ನು ಓದಿದಾಗ, ಅದೇ ವೃತ್ತಿಯಲ್ಲಿರುವ ನನಗೆ ಸಂತೋಷವಾಯಿತು ಎಂದು ಮುಚ್ಚಿಡದೆ ಹೇಳುತ್ತೇನೆ.

1803ರಲ್ಲಿ ಡಾಲ್ಟನ್ ಒಂದು ಪಟ್ಟಿ ತಯಾರಿಸಿದರು. 1808ರಲ್ಲಿ ತಮ್ಮ ಪುಸ್ತಕದಲ್ಲಿ ಅದನ್ನು ತಿದ್ದಿ ವಿಸ್ತರಿಸಿದರು. ಎಲ್ಲಕ್ಕಿಂತ ಹಗುರವಾದ ಜಲಜನಕದ ಪರಮಾಣುವನ್ನು 1 ಎಂದು ಇಟ್ಟುಕೊಂಡರೆ ಉಳಿದವು ಅದರ ಎಷ್ಟು ಪಟ್ಟು ಭಾರ? ಇದೇ ಆ ಪಟ್ಟಿ. ಅವರು ಒಂದು ಪರಮಾಣುವನ್ನೂ ತೂಗಲಿಲ್ಲ. ನೀರಿನಲ್ಲಿ ಎಷ್ಟು ಭಾಗ ಜಲಜನಕ, ಎಷ್ಟು ಭಾಗ ಆಮ್ಲಜನಕ ಎಂಬ ತೂಕದ ಲೆಕ್ಕ ಮಾತ್ರ ಅವರ ಬಳಿ ಇತ್ತು. ಅದೂ ಅಂದಿನ ಅಳತೆಯಲ್ಲಿ ಪೂರ್ತಿ ಸರಿಯಿರಲಿಲ್ಲ. ಮೊದಲ ಪಟ್ಟಿಯಲ್ಲಿ ಆಮ್ಲಜನಕಕ್ಕೆ 5.5 ಬಂತು, ಪುಸ್ತಕದಲ್ಲಿ 7 ಆಯಿತು. ಇಂದಿನ ಅಳತೆಯಂತೆ ನೀರಿನಲ್ಲಿ ಜಲಜನಕದ ಒಂದು ಪಾಲಿಗೆ ಆಮ್ಲಜನಕ ಸುಮಾರು ಎಂಟು ಪಾಲು.

ಹಾಗಾದರೆ ಆಮ್ಲಜನಕದ ಪರಮಾಣು ಎಂಟು ಪಟ್ಟು ಭಾರ ಎನ್ನೋಣವೇ? ಅವಸರ ಬೇಡ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಪೆಟ್ಟಿಗೆ ತುಂಬ ಬೀಗಗಳು ಮತ್ತು ಅವುಗಳ ಕೈಗಳು ಇವೆ ಎಂದುಕೊಳ್ಳಿ. ಎಲ್ಲ ಬೀಗಗಳನ್ನು ಒಂದು ಕಡೆ, ಎಲ್ಲ ಕೈಗಳನ್ನು ಇನ್ನೊಂದು ಕಡೆ ತೂಗಿದಾಗ ಬೀಗಗಳ ತೂಕ ಎಂಟು ಪಟ್ಟು ಬಂತು. ಒಂದು ಬೀಗಕ್ಕೆ ಒಂದೇ ಕೈ ಎಂದಾದರೆ ಬೀಗವು ಕೈಗಿಂತ ಎಂಟು ಪಟ್ಟು ಭಾರ. ಆದರೆ ಬೀಗಕ್ಕೆ ಎರಡೆರಡು ಕೈ ಕೊಟ್ಟಿದ್ದರೆ? ಆಗ ಬೀಗ ಹದಿನಾರು ಪಟ್ಟು ಭಾರ. ತಕ್ಕಡಿ ತೂಕವನ್ನು ಹೇಳುತ್ತದೆಯೇ ಹೊರತು ಎಷ್ಟು ಕೈ ಎಂಬುದನ್ನು ಹೇಳುವುದಿಲ್ಲ. ಡಾಲ್ಟನ್ ಸರಳವಾದುದನ್ನು ಊಹಿಸಿ ನೀರಿನಲ್ಲಿ ಒಂದಕ್ಕೊಂದು ಎಂದರು. ಆ ಊಹೆ ತಪ್ಪಾಗಿತ್ತು.

ಈ ಒಂದು ತಪ್ಪಿನ ಪರಿಣಾಮ ಐವತ್ತು ವರ್ಷ ಕಾಡಿತು. ಕೆಲವರು ಆಮ್ಲಜನಕ 8 ಎಂದರು, ಕೆಲವರು 16 ಎಂದರು. ಸ್ವೀಡನ್ನಿನ ಬರ್ಜೀಲಿಯಸ್ ಆಮ್ಲಜನಕವನ್ನೇ 100 ಎಂದು ಇಟ್ಟುಕೊಂಡು ಬೇರೆಯೇ ಪಟ್ಟಿ ಮಾಡಿದರು. ಊರಿಗೊಂದು ಸೇರು, ಸಂತೆಗೊಂದು ಬಳ್ಳ ಇದ್ದ ನಮ್ಮ ಹಳೆಯ ಕಾಲದ ಹಾಗೆ ಆಯಿತು. ಜರ್ಮನಿಯ ಕೆಕುಲೆ 1861ರ ತಮ್ಮ ಪಠ್ಯಪುಸ್ತಕದಲ್ಲಿ ವಿನೆಗರ್‌ನ ಅಸಿಟಿಕ್ ಆಮ್ಲ ಒಂದಕ್ಕೇ ಬಳಕೆಯಲ್ಲಿದ್ದ ಹತ್ತೊಂಬತ್ತು ಬಗೆಯ ಸೂತ್ರಗಳನ್ನು ಪಟ್ಟಿ ಮಾಡಿ ತೋರಿಸಿದ್ದಾರೆ.

ಈ ಗೋಜಲನ್ನು ಬಿಡಿಸಲೆಂದೇ 1860ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಾರ್ಲ್ಸ್‌ರೂ ನಗರದಲ್ಲಿ ಯುರೋಪಿನ ರಸಾಯನಶಾಸ್ತ್ರಜ್ಞರು ಮೂರು ದಿನ ಸಭೆ ಸೇರಿದರು. ಸಭೆಯಲ್ಲಿ ತೀರ್ಮಾನವೇನೂ ಆಗಲಿಲ್ಲ, ಸಭೆಗಳಲ್ಲಿ ಆಗುವುದು ಸಾಮಾನ್ಯವಾಗಿ ಅಷ್ಟೇ. ಆದರೆ ಹೊರಡುವಾಗ ಇಟಲಿಯ ಕ್ಯಾನಿಜ಼ಾರೊ ಬರೆದಿದ್ದ ಒಂದು ಪುಟ್ಟ ಪುಸ್ತಿಕೆಯನ್ನು ಹಂಚಲಾಯಿತು. ತಮ್ಮದೇ ದೇಶದ ಅವೊಗಾಡ್ರೊ 1811ರಲ್ಲಿ ಹೇಳಿ, ಯಾರೂ ಕಿವಿಗೊಡದೆ ಹೋದ ಮಾತನ್ನು ಕ್ಯಾನಿಜ಼ಾರೊ ಅದರಲ್ಲಿ ಎತ್ತಿ ಹಿಡಿದಿದ್ದರು. ಒಂದೇ ಉಷ್ಣತೆ ಮತ್ತು ಒತ್ತಡದಲ್ಲಿ ಸಮಾನ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆ ಸಮಾನ ಎಂಬುದೇ ಆ ಮಾತು. ಅಂದರೆ ಬೀಗಕ್ಕೆ ಎಷ್ಟು ಕೈ ಎಂದು ಎಣಿಸುವ ಉಪಾಯ ಸಿಕ್ಕಿತು. ನೀರಿನಲ್ಲಿ ಜಲಜನಕ ಎರಡು, ಆಮ್ಲಜನಕ ಒಂದು. ಆಮ್ಲಜನಕದ ತೂಕ 16. ಆ ಸಭೆಯಲ್ಲಿದ್ದ ಇಪ್ಪತ್ತಾರರ ತರುಣ ಮೆಂಡಲೀವ್ ಒಂಬತ್ತು ವರ್ಷಗಳ ನಂತರ, 1869ರಲ್ಲಿ, ಈ ತೂಕಗಳನ್ನು ಸಾಲಾಗಿ ಜೋಡಿಸಿಯೇ ಆವರ್ತ ಕೋಷ್ಟಕವನ್ನು ಕೊಟ್ಟರು.

ಇಲ್ಲಿ ಒಂದು ಸಣ್ಣ ಮಾತು. ತೂಕ ಬೇರೆ, ರಾಶಿ ಬೇರೆ. ಚಂದ್ರನ ಮೇಲೆ ತೂಕ ಆರನೆಯ ಒಂದಂಶಕ್ಕೆ ಇಳಿಯುತ್ತದೆ, ರಾಶಿ ಬದಲಾಗದು ಎಂದು ಮಕ್ಕಳು ಓದಿರುತ್ತಾರೆ. ಹಾಗಿದ್ದರೆ ಪರಮಾಣು ತೂಕ ಚಂದ್ರನ ಮೇಲೆ ಬೇರೆಯೇ? ಅಲ್ಲ. ಎರಡು ತಟ್ಟೆಯ ತಕ್ಕಡಿಯಲ್ಲಿ ನಾವು ಒಂದನ್ನು ಇನ್ನೊಂದರೊಡನೆ ಹೋಲಿಸುತ್ತೇವೆ. ಚಂದ್ರನ ಮೇಲೆ ಎರಡೂ ತಟ್ಟೆ ಒಂದೇ ಪ್ರಮಾಣದಲ್ಲಿ ಹಗುರವಾಗುತ್ತವೆ. ಪರಮಾಣು ತೂಕವೆಂಬುದು ಇಂಥ ಹೋಲಿಕೆಯೇ, ಒಂದು ಅನುಪಾತ. ಅದಕ್ಕೆ ಗ್ರಾಂ ಇಲ್ಲ, ಕಿಲೋ ಇಲ್ಲ, ಯಾವ ಮಾನವೂ ಇಲ್ಲ.

ಪೂರ್ಣಾಂಕದ ಆಸೆ

ಈಗ ಹುಡುಗಿಯ ಪ್ರಶ್ನೆಯ ಹತ್ತಿರ ಬಂದೆವು. ಲಂಡನ್ನಿನ ವೈದ್ಯ ವಿಲಿಯಂ ಪ್ರೌಟ್ 1815ರಲ್ಲಿ ಹೆಸರು ಹಾಕದೆ ಒಂದು ಲೇಖನ ಪ್ರಕಟಿಸಿದರು. ಬಹಳಷ್ಟು ಮೂಲವಸ್ತುಗಳ ತೂಕ ಜಲಜನಕದ ಪೂರ್ಣ ಪಟ್ಟಿನಲ್ಲೇ ಬರುತ್ತಿದೆಯಲ್ಲ, ಹಾಗಾದರೆ ಎಲ್ಲವೂ ಜಲಜನಕದಿಂದಲೇ ಕಟ್ಟಿದವೋ ಏನೋ ಎಂಬುದು ಅವರ ತರ್ಕ. ಒಂದೇ ಅಳತೆಯ ಇಟ್ಟಿಗೆಯಿಂದ ಇಡೀ ಊರನ್ನೇ ಕಟ್ಟಿದ ಹಾಗೆ. ಎಷ್ಟು ಸೊಗಸಾದ ಕಲ್ಪನೆ!

ಈ ಕಲ್ಪನೆಗೆ ಅಡ್ಡ ನಿಂತದ್ದು ಕ್ಲೋರಿನ್. ಯಾರು ಅಳೆದರೂ ಅದು 35ಕ್ಕೂ ಬರಲಿಲ್ಲ, 36ಕ್ಕೂ ಬರಲಿಲ್ಲ, ನಡುವೆ 35.5ರ ಆಸುಪಾಸಿನಲ್ಲಿ ನಿಂತುಬಿಟ್ಟಿತು. ಬೆಲ್ಜಿಯಂನ ಜ಼ಾನ್ ಸ್ಟಾಸ್ ಮೊದಲು ಪ್ರೌಟ್‌ರ ಮಾತನ್ನು ನಂಬಿದ್ದವರು. ಅದನ್ನು ಸಾಬೀತು ಮಾಡಬೇಕೆಂದು ವರ್ಷಗಟ್ಟಲೆ ಕುಳಿತು ಬೆಳ್ಳಿ, ಕ್ಲೋರಿನ್ ಮುಂತಾದವುಗಳನ್ನು ಅಂದಿನವರೆಗೆ ಯಾರೂ ಮಾಡದಷ್ಟು ನಿಖರವಾಗಿ ತೂಗಿದರು. ಕೊನೆಗೆ 1860ರಲ್ಲಿ ಪ್ರೌಟ್‌ರ ನಿಯಮ ಬರೀ ಭ್ರಮೆ ಎಂಬ ತೀರ್ಮಾನಕ್ಕೆ ಬಂದರು. ತಾನು ಬಯಸಿದ್ದಕ್ಕೆ ವಿರುದ್ಧವಾಗಿ ತಕ್ಕಡಿ ಹೇಳಿದಾಗ ತಕ್ಕಡಿಯ ಮಾತನ್ನೇ ಬರೆದಿಟ್ಟ ಮನುಷ್ಯ. ಇಂಥವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಬರುವುದೇ ಇಲ್ಲ ಎಂಬುದು ನನ್ನ ದೂರು.

ಆ ಮೇಲೆ ಪರಮಾಣು ತೂಕಗಳು ಪ್ರಕೃತಿಯ ಶಾಶ್ವತ ಸಂಖ್ಯೆಗಳು, ಎಷ್ಟು ನಿಖರವಾಗಿ ಅಳೆದರೆ ಅಷ್ಟು ಒಳ್ಳೆಯದು ಎಂಬ ನಂಬಿಕೆ ಗಟ್ಟಿಯಾಯಿತು. ದೇಶದೇಶದ ಪಟ್ಟಿಗಳನ್ನು ಒಂದುಗೂಡಿಸಲು 1899ರಲ್ಲಿ ಅಂತರರಾಷ್ಟ್ರೀಯ ಸಮಿತಿಯೊಂದು ಏರ್ಪಟ್ಟಿತು. ಈ ಅಳತೆಯ ಕಲೆಯನ್ನು ತುತ್ತತುದಿಗೆ ಒಯ್ದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಥಿಯೋಡರ್ ವಿಲಿಯಂ ರಿಚರ್ಡ್ಸ್. ಸುಮಾರು ಇಪ್ಪತ್ತೈದು ಮೂಲವಸ್ತುಗಳ ತೂಕವನ್ನು ಅವರೂ ಅವರ ಶಿಷ್ಯರೂ ಅಳೆದರು. ಒಂದು ಕಣ ತೇವ ಉಳಿದರೂ, ಗಾಜಿನ ಪಾತ್ರೆಯಿಂದ ಒಂದಿಷ್ಟು ಕರಗಿ ಸೇರಿದರೂ ಲೆಕ್ಕ ಕೆಡುತ್ತದೆ. ಆದ್ದರಿಂದ ಶುದ್ಧೀಕರಿಸುವುದು, ಮತ್ತೆ ಶುದ್ಧೀಕರಿಸುವುದು, ಒಣಗಿಸುವುದು, ತೂಗುವುದು, ಇದೇ ಅವರ ಬದುಕಾಯಿತು. 1914ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಅವರಿಗೆ ಬಂದದ್ದು ಇದೇ ಕೆಲಸಕ್ಕೆ.

ಅದೇ 1914ರಲ್ಲಿ ಅವರ ತಕ್ಕಡಿ ಒಂದು ವಿಚಿತ್ರವನ್ನು ಹೇಳಿತು. ಸಾಮಾನ್ಯ ಸೀಸದ ತೂಕ 207.15 ಬಂದರೆ, ಯುರೇನಿಯಂ ಅದಿರಿನೊಳಗೆ ಸಿಕ್ಕ ಸೀಸದ ಒಂದು ಮಾದರಿ 206.4ರಷ್ಟು ಮಾತ್ರ ತೂಗಿತು. ಅದೇ ಬಣ್ಣ, ಅದೇ ಗುಣ, ಅದೇ ರಾಸಾಯನಿಕ ಕ್ರಿಯೆಗಳು. ಇನ್ನೊಂದೆಡೆ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಫ್ರೆಡರಿಕ್ ಸಾಡಿ ಸಿಲೋನಿನ, ಅಂದರೆ ಇಂದಿನ ಶ್ರೀಲಂಕಾದ, ಥೋರಿಯಂ ಅದಿರಿನಿಂದ ತೆಗೆದ ಸೀಸವನ್ನು ಪರೀಕ್ಷಿಸಿದರು. ಅದು ಸಾಮಾನ್ಯ ಸೀಸಕ್ಕಿಂತ ಭಾರವಾಗಿತ್ತು. ಒಂದೇ ಮೂಲವಸ್ತು, ಊರಿಗೊಂದು ತೂಕ! ಶಾಶ್ವತ ಸಂಖ್ಯೆಯೆಂದು ನಂಬಿ ಜೀವಮಾನವಿಡೀ ತೂಗಿದವರ ಕೈಯಿಂದಲೇ ಆ ನಂಬಿಕೆ ಮುರಿಯಿತು. ರಿಚರ್ಡ್ಸ್ ಅದನ್ನು ಮುಚ್ಚಿಡಲಿಲ್ಲ, ಪ್ರಕಟಿಸಿದರು.

ಇದಕ್ಕೆ ವಿವರಣೆ ಒಂದು ವರ್ಷ ಮೊದಲೇ ಸಿದ್ಧವಾಗಿತ್ತು. ರಾಸಾಯನಿಕ ಗುಣಗಳು ಒಂದೇ ಆಗಿದ್ದು ತೂಕ ಬೇರೆಬೇರೆಯಾದ ಪರಮಾಣುಗಳು ಇರಬಲ್ಲವು, ಆವರ್ತ ಕೋಷ್ಟಕದಲ್ಲಿ ಅವಕ್ಕೆಲ್ಲ ಒಂದೇ ಮನೆ ಎಂದು ಸಾಡಿ 1913ರಲ್ಲಿ ಹೇಳಿದ್ದರು. ಅವಕ್ಕೆ ಐಸೊಟೋಪ್ ಎಂಬ ಹೆಸರನ್ನು ಸೂಚಿಸಿದವರು ಮಾರ್ಗರೆಟ್ ಟಾಡ್ ಎಂಬ ವೈದ್ಯೆ. ಗ್ರೀಕ್ ಭಾಷೆಯಲ್ಲಿ ಐಸೊ ಎಂದರೆ ಸಮ, ಟೋಪ್ ಎಂದರೆ ಸ್ಥಾನ. ನಮ್ಮ ಕನ್ನಡದ 'ಸಮಸ್ಥಾನಿ' ಇದರ ಪಡಿಯಚ್ಚು. ಯುರೇನಿಯಂ 238 ಕ್ಷಯಿಸುತ್ತಾ ಎಂಟು ಹೀಲಿಯಂ ನ್ಯೂಕ್ಲಿಯಸ್‌ಗಳನ್ನು ಹೊರಹಾಕುತ್ತದೆ. ಒಂದೊಂದು 4ರಂತೆ 32 ಕಳೆದರೆ ಉಳಿಯುವುದು ಸೀಸ 206. ಥೋರಿಯಂ 232 ಅಂಥ ಆರನ್ನು ಕಳೆದುಕೊಂಡರೆ ಸೀಸ 208. ಐದನೆಯ ತರಗತಿಯ ಕಳೆಯುವ ಲೆಕ್ಕ.

ಫೋಟೋ ಫಲಕದ ಮೇಲೆ ಎರಡು ಗೆರೆ

ಸೀಸಕ್ಕೆ ಸರಿ, ಅದು ವಿಕಿರಣದ ಅದಿರುಗಳ ಮಾತು. ನಾವು ದಿನವೂ ತಿನ್ನುವ ಉಪ್ಪಿನಲ್ಲಿರುವ ಕ್ಲೋರಿನ್ನಿಗೆ ಏನಾಗಿತ್ತು? ಕೇಂಬ್ರಿಜ್‌ನಲ್ಲಿ ಜೆ. ಜೆ. ಥಾಮ್ಸನ್ ನಿಯಾನ್ ಅನಿಲದಲ್ಲಿ 20 ಮತ್ತು 22 ಎಂಬ ಎರಡು ಗುರುತುಗಳನ್ನು ಮೊದಲೇ ಕಂಡಿದ್ದರು. ಅವರ ಸಹಾಯಕರಾಗಿದ್ದ ಫ್ರಾನ್ಸಿಸ್ ಆಸ್ಟನ್ ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಒಂದು ಹೊಸ ಯಂತ್ರ ಕಟ್ಟಿದರು. ಪರಮಾಣುಗಳಿಗೆ ವಿದ್ಯುದಾವೇಶ ಕೊಟ್ಟು ಓಡಿಸಿ, ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರಗಳ ಮೂಲಕ ಹಾಯಿಸಿದರೆ ಹಗುರವಾದವು ಹೆಚ್ಚು ಬಾಗುತ್ತವೆ, ಭಾರವಾದವು ಕಡಿಮೆ ಬಾಗುತ್ತವೆ. ಒಂದೊಂದು ಬಗೆಯವು ಫೋಟೋ ಫಲಕದ ಮೇಲೆ ಒಂದೊಂದು ಗೆರೆ ಮೂಡಿಸುತ್ತವೆ. ಮೊರದಲ್ಲಿ ಕೇರುವಾಗ ಕಾಳು ಒಂದೆಡೆ, ಜೊಳ್ಳು ಒಂದೆಡೆ ಬೀಳುವ ಹಾಗೆ.

ಕ್ಲೋರಿನನ್ನು ಹಾಯಿಸಿದಾಗ ಫಲಕದ ಮೇಲೆ 35ರ ಜಾಗದಲ್ಲಿ ಒಂದು ಗೆರೆ, 37ರ ಜಾಗದಲ್ಲಿ ಒಂದು ಗೆರೆ ಬಂತು. ನೂರು ವರ್ಷದಿಂದ ಎಲ್ಲರೂ ತೂಗಿ ತೂಗಿ ಬರೆದಿದ್ದ 35.46ರ ಜಾಗದಲ್ಲಿ ಏನೂ ಇರಲಿಲ್ಲ.

ಓದುಗರೇ, ಈ ಸಾಲನ್ನು ಇನ್ನೊಮ್ಮೆ ಓದಿ. 35.46 ತೂಗುವ ಕ್ಲೋರಿನ್ ಪರಮಾಣು ಒಂದೇ ಒಂದೂ ಈ ಜಗತ್ತಿನಲ್ಲಿ ಇಲ್ಲ. ಸುಮಾರು ಮುಕ್ಕಾಲು ಪಾಲು 35ರವು, ಕಾಲು ಪಾಲು 37ರವು, ಇವುಗಳ ಮಿಶ್ರಣದ ಸರಾಸರಿಯನ್ನು ಸ್ಟಾಸ್ ಆದಿಯಾಗಿ ಎಲ್ಲರೂ ಒಂದು ಪರಮಾಣುವಿನ ತೂಕವೆಂದು ತಿಳಿದಿದ್ದರು. ತರಗತಿಯ ಸರಾಸರಿ ಅಂಕ 54.5 ಬಂದಿತೆಂದರೆ ಅಷ್ಟು ಅಂಕ ತೆಗೆದ ಮಗು ತರಗತಿಯಲ್ಲಿ ಇರಲೇಬೇಕೆಂದಿಲ್ಲವಷ್ಟೆ. ಸ್ಟಾಸ್ ತೂಗಿದ್ದು ಸರಿಯಾಗಿಯೇ ಇತ್ತು. ಏನನ್ನು ತೂಗುತ್ತಿದ್ದೇನೆ ಎಂಬುದು ಮಾತ್ರ ಅವರಿಗೆ ತಿಳಿದಿರಲಿಲ್ಲ. ತಿಳಿಯುವ ದಾರಿಯೂ ಅಂದು ಇರಲಿಲ್ಲ. ಕನ್ನಡದ 'ರಾಶಿ' ಪದವನ್ನು ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಪರಮಾಣು ತೂಕವೆಂಬುದು ನಿಜವಾಗಿ ರಾಶಿಯ ಲೆಕ್ಕ, ಗುಡ್ಡೆಯ ಲೆಕ್ಕ. ಬಿಡಿ ಪರಮಾಣುವಿನದು 'ಪರಮಾಣು ರಾಶಿ', ಗುಡ್ಡೆಯದು 'ಪರಮಾಣು ತೂಕ' ಎಂದು ನಮ್ಮ ಭಾಷೆಯಲ್ಲಿ ಹೆಸರು ಅದಲುಬದಲಾಗಿ ಕೂತಿದೆ. ಬದಲಿಸಲು ಹೋದರೆ ಇನ್ನಷ್ಟು ಗೊಂದಲವಾದೀತು, ಇರಲಿ.

ಆಸ್ಟನ್‌ಗೆ 1922ರ ನೊಬೆಲ್ ಬಂತು. ಅವರೊಬ್ಬರೇ ಇನ್ನೂರಕ್ಕೂ ಹೆಚ್ಚು ಸಮಸ್ಥಾನಿಗಳನ್ನು ಕಂಡುಹಿಡಿದರು. ಒಂದೊಂದರ ತೂಕವೂ ಪೂರ್ಣಾಂಕದ ತೀರ ಹತ್ತಿರವಿತ್ತು. ಅಂದರೆ ಭ್ರಮೆಯೆಂದು ಮೂಲೆಗೆ ಸರಿಸಿದ್ದ ಪ್ರೌಟ್‌ರ ಇಟ್ಟಿಗೆಯ ಕಲ್ಪನೆ ಹೆಚ್ಚುಕಡಿಮೆ ಸರಿಯೇ ಆಗಿತ್ತು. ಆ ಇಟ್ಟಿಗೆಗಳಲ್ಲಿ ಒಂದು ಪ್ರೋಟಾನ್, ಅದನ್ನು ರುದರ್‌ಫರ್ಡ್ ಗುರುತಿಸಿದರು. ಇನ್ನೊಂದು ನ್ಯೂಟ್ರಾನ್, ಅದನ್ನು ಚಾಡ್ವಿಕ್ 1932ರಲ್ಲಿ ಕಂಡುಹಿಡಿದರು. ಇವೆರಡನ್ನೂ ಎಣಿಸಿ ಕೂಡಿಸಿದರೆ ಬರುವುದೇ ರಾಶಿ ಸಂಖ್ಯೆ. ಅದು ತೂಕವೇ ಅಲ್ಲ, ಎಣಿಕೆ. ತಲೆ ಎಣಿಸಿದಾಗ ಅರ್ಧ ಬರುವುದಿಲ್ಲ, ಹಾಗೆ ರಾಶಿ ಸಂಖ್ಯೆಯಲ್ಲಿ ಎಂದೂ ದಶಮಾಂಶ ಬಾರದು. ಕ್ಲೋರಿನ್ 35ರಲ್ಲಿ ಪ್ರೋಟಾನ್ 17, ನ್ಯೂಟ್ರಾನ್ 18. ಕ್ಲೋರಿನ್ 37ರಲ್ಲಿ ಪ್ರೋಟಾನ್ 17, ನ್ಯೂಟ್ರಾನ್ 20. ಎರಡರಲ್ಲೂ ಇರುವ ಆ 17 ಪರಮಾಣು ಸಂಖ್ಯೆ. ಮೂಲವಸ್ತುವಿನ ನಿಜವಾದ ಗುರುತು ತೂಕವಲ್ಲ, ಈ ಸಂಖ್ಯೆ ಎಂದು 1913ರಲ್ಲಿ ತೋರಿಸಿಕೊಟ್ಟವರು ಹೆನ್ರಿ ಮೋಸ್ಲಿ. ಟೆಲ್ಯೂರಿಯಂಗಿಂತ ಅಯೋಡಿನ್ ಹಗುರವಾಗಿದ್ದರೂ ಅದರ ನಂತರ ಕೂರುವುದೇಕೆ ಎಂಬ ಮೆಂಡಲೀವ್ ಕಾಲದ ಒಗಟು ಅದರಿಂದ ಬಿಡಿಸಿಹೋಯಿತು. ಎರಡು ವರ್ಷಗಳ ನಂತರ, 1915ರ ಆಗಸ್ಟಿನಲ್ಲಿ, ತುರ್ಕಿಯ ಗಲ್ಲಿಪೋಲಿ ಯುದ್ಧದಲ್ಲಿ ಗುಂಡು ತಗುಲಿ ಆ ತರುಣ ತೀರಿಕೊಂಡರು. ವಯಸ್ಸು 27.

ಹತ್ತಿರ, ಆದರೆ ಅದೇ ಅಲ್ಲ

ರಾಶಿ ಸಂಖ್ಯೆ ಎಣಿಕೆ, ಪರಮಾಣು ತೂಕ ಸರಾಸರಿ. ಹಾಗಾದರೆ ಪರಮಾಣು ರಾಶಿ ಎಂಬ ಮೂರನೆಯದು ಏಕೆ ಬೇಕಾಯಿತು?

ಏಕೆಂದರೆ ಆಸ್ಟನ್‌ರ ಗೆರೆಗಳು ಪೂರ್ಣಾಂಕದ ಹತ್ತಿರ ಇದ್ದವೇ ಹೊರತು ಪೂರ್ಣಾಂಕದ ಮೇಲೇ ಇರಲಿಲ್ಲ. ಯಂತ್ರ ಸುಧಾರಿಸಿದಷ್ಟೂ ಈ ಚಿಕ್ಕ ವ್ಯತ್ಯಾಸ ಸ್ಪಷ್ಟವಾಗುತ್ತಾ ಹೋಯಿತು. ಇಂದಿನ ಲೆಕ್ಕದಲ್ಲಿ ಕ್ಲೋರಿನ್ 35ರ ಒಂದು ಪರಮಾಣುವಿನ ರಾಶಿ 34.96885. ಹೀಗೆ ಒಂದೇ ಒಂದು ಸಮಸ್ಥಾನಿಯ ಒಂದೇ ಒಂದು ಪರಮಾಣುವಿನ ಅಳೆದ ಬೆಲೆಯೇ ಪರಮಾಣು ರಾಶಿ. ಇದಕ್ಕೆ ಮಾನ ಉಂಟು. ಇಂಗಾಲ 12ರ ಪರಮಾಣುವಿನ ಹನ್ನೆರಡನೆಯ ಒಂದು ಭಾಗವೇ ಆ ಮಾನ; ಅದಕ್ಕೆ ಡಾಲ್ಟನ್ ಎಂದೂ ಹೆಸರಿದೆ. ಮನೆಪಾಠದ ಮೇಷ್ಟರಿಗೆ ಸಂದ ಗೌರವ.

ಆ ಚಿಕ್ಕ ವ್ಯತ್ಯಾಸ ಎಲ್ಲಿಗೆ ಹೋಯಿತು? ಇಂಗಾಲ 12ನ್ನೇ ತೆಗೆದುಕೊಳ್ಳಿ. ಬಿಡಿ ಪ್ರೋಟಾನ್ 1.00728, ಬಿಡಿ ನ್ಯೂಟ್ರಾನ್ 1.00866. ಆರು ಪ್ರೋಟಾನ್, ಆರು ನ್ಯೂಟ್ರಾನ್, ಆರು ಎಲೆಕ್ಟ್ರಾನ್‌ಗಳನ್ನು ಬಿಡಿಬಿಡಿಯಾಗಿ ತೂಗಿ ಕೂಡಿಸಿದರೆ 12.0989 ಬರುತ್ತದೆ. ಆದರೆ ಅವು ಸೇರಿ ಆದ ಪರಮಾಣು ಸರಿಯಾಗಿ 12. ಅಂಗಡಿಯಲ್ಲಿ ಹನ್ನೆರಡು ಪೊಟ್ಟಣ ಬಿಡಿಯಾಗಿ ತೂಗಿಸಿ ಚೀಲಕ್ಕೆ ಹಾಕಿ ಮತ್ತೆ ತೂಗಿದರೆ ತೂಕ ಇಳಿದಂತೆ! ಅಂಗಡಿಯಲ್ಲಾದರೆ ಜಗಳವಾಗುತ್ತಿತ್ತು. ಇಲ್ಲಿ ಇಳಿದ ರಾಶಿ ಶಕ್ತಿಯಾಗಿ ಹೊರಹೋಗಿದೆ, ಐನ್‌ಸ್ಟೈನ್ 1905ರಲ್ಲಿ ಹೇಳಿದ ಲೆಕ್ಕದ ಪ್ರಕಾರ. ನಾಲ್ಕು ಜಲಜನಕಕ್ಕಿಂತ ಒಂದು ಹೀಲಿಯಂ ಕೊಂಚ ಹಗುರ ಎಂಬ ಆಸ್ಟನ್‌ರ ಅಳತೆಯನ್ನು ಹಿಡಿದು ಆರ್ಥರ್ ಎಡಿಂಗ್ಟನ್ 1920ರಲ್ಲಿ, ಸೂರ್ಯ ಮತ್ತು ನಕ್ಷತ್ರಗಳು ಉರಿಯುವುದು ಈ ವ್ಯತ್ಯಾಸದಿಂದಲೇ ಇರಬಹುದು ಎಂದು ಸೂಚಿಸಿದರು. ವ್ಯತ್ಯಾಸ ನೂರಕ್ಕೆ ಒಂದೂ ಇಲ್ಲ, ಸುಮಾರು 0.7 ಮಾತ್ರ. ಆದರೂ ಸೂರ್ಯ ಪ್ರತಿ ಸೆಕೆಂಡಿಗೆ ಸುಮಾರು 40 ಲಕ್ಷ ಟನ್ ರಾಶಿಯನ್ನು ಬೆಳಕು ಮತ್ತು ಶಾಖವಾಗಿ ಚೆಲ್ಲುತ್ತಿದೆ. 34.96885 ಎಂದು ಬರೆಯಬೇಕಾದಲ್ಲಿ 35 ಎಂದು ಬರೆದರೆ ಪರೀಕ್ಷೆಯಲ್ಲಿ ಯಾರೂ ಅಂಕ ಕಳೆಯಲಾರರು. ಆದರೆ ಆ ಉಳಿದ ಚೂರಿನಲ್ಲಿ ಹಗಲಿನ ಬೆಳಕೂ ಇದೆ, ಅಣುಬಾಂಬೂ ಇದೆ.

ಇನ್ನು ಇಂಗಾಲ 12ನ್ನೇ ಅಳತೆಗೋಲು ಮಾಡಿದ ಕಥೆ. ಜಲಜನಕ 1 ಎಂಬುದನ್ನು ಬಿಟ್ಟು ಆಮ್ಲಜನಕ 16 ಎಂಬ ಅಳತೆಗೋಲಿಗೆ ಎಲ್ಲರೂ ಒಪ್ಪಿಕೊಂಡು ಬಹಳ ದಿನ ಆಗಿರಲಿಲ್ಲ. 1929ರಲ್ಲಿ ಆಮ್ಲಜನಕದಲ್ಲೂ 17 ಮತ್ತು 18 ಎಂಬ ಸಮಸ್ಥಾನಿಗಳಿವೆ ಎಂದು ಗೊತ್ತಾಯಿತು. ಈಗ 16 ಎನ್ನುವುದು ಯಾವುದಕ್ಕೆ? ಗಾಳಿಯಲ್ಲಿರುವ ಮಿಶ್ರಣಕ್ಕೆ ಎಂದರು ರಸಾಯನಶಾಸ್ತ್ರಜ್ಞರು. ಆಮ್ಲಜನಕ 16 ಎಂಬ ಸಮಸ್ಥಾನಿಗೆ ಮಾತ್ರ ಎಂದರು ಭೌತಶಾಸ್ತ್ರಜ್ಞರು. ಎರಡು ಅಳತೆಗಳ ಅಂತರ ಹತ್ತು ಸಾವಿರಕ್ಕೆ ಮೂರರಷ್ಟೂ ಇರಲಿಲ್ಲ. ಆದರೂ ಮೂವತ್ತು ವರ್ಷ ಎರಡೂ ಪಕ್ಕಪಕ್ಕದಲ್ಲೇ ನಡೆದವು. ಒಬ್ಬರ ಪಟ್ಟಿಗೆ ಇನ್ನೊಬ್ಬರು ಒಪ್ಪಿದರೆ ಅಚ್ಚಾದ ಪುಸ್ತಕಗಳನ್ನೆಲ್ಲ ತಿದ್ದಬೇಕು. ಕೊನೆಗೆ ಇಂಗಾಲ 12 ಇಬ್ಬರನ್ನೂ ಕಾಪಾಡಿತು: ಅದನ್ನು ಸರಿಯಾಗಿ 12 ಎಂದು ಇಟ್ಟುಕೊಂಡರೆ ರಸಾಯನಶಾಸ್ತ್ರಜ್ಞರ ಅಂಕಿಗಳು ಲಕ್ಷಕ್ಕೆ ಸುಮಾರು ನಾಲ್ಕರಷ್ಟು ಮಾತ್ರ ಬದಲಾಗುತ್ತಿದ್ದವು. ಭೌತಶಾಸ್ತ್ರಜ್ಞರ ಒಕ್ಕೂಟ 1960ರಲ್ಲೂ ರಸಾಯನಶಾಸ್ತ್ರಜ್ಞರ ಒಕ್ಕೂಟ 1961ರಲ್ಲೂ ಅದನ್ನು ಒಪ್ಪಿದವು.

'ತೂಕ' ಎಂಬ ಪದವನ್ನೇ ತೆಗೆದುಹಾಕಬೇಕೆಂಬ ವಾದವೂ ನಡೆಯಿತು. ಹಳೆಯ ಹೆಸರನ್ನು ಉಳಿಸಿಕೊಂಡು, ಅದರ ಜೊತೆಗೆ ಸಾಪೇಕ್ಷ ಪರಮಾಣು ರಾಶಿ ಎಂಬ ಹೆಸರೂ ಚಲಾವಣೆಗೆ ಬಂತು. ಅದಕ್ಕಿಂತ ಮುಖ್ಯವಾದುದು 1979ರ ಅಧಿಕೃತ ವ್ಯಾಖ್ಯೆಯಲ್ಲಿ ಸೇರಿದ ಒಂದು ಮಾತು: ಪರಮಾಣು ತೂಕವೆಂಬುದು ಒಂದು ನಿರ್ದಿಷ್ಟ ಮೂಲದಿಂದ ಬಂದ ವಸ್ತುವಿನದು. ಅಂದರೆ ಎಲ್ಲಿಂದ ತಂದ ಸೀಸ, ಎಲ್ಲಿಂದ ತಂದ ಲಿಥಿಯಂ ಎಂದು ಕೇಳದೆ ತೂಕ ಹೇಳುವಂತಿಲ್ಲ.

ಲಿಥಿಯಂನದು ಸ್ವಲ್ಪ ಕಹಿಯಾದ ಉದಾಹರಣೆ. ಹೈಡ್ರೋಜನ್ ಬಾಂಬಿಗಾಗಿ ಲಿಥಿಯಂ 6ನ್ನು ಬೇರ್ಪಡಿಸಿಕೊಂಡು, ಉಳಿದ ಭಾರದ ಲಿಥಿಯಂ ಮಾರುಕಟ್ಟೆಗೆ ಬಂತು. ಹೀಗಾಗಿ ಪ್ರಯೋಗಶಾಲೆಯ ಬಾಟಲಿಯಲ್ಲಿರುವ ಲಿಥಿಯಂನ ಪರಮಾಣು ತೂಕ ಚಾರ್ಟಿನಲ್ಲಿರುವುದಕ್ಕಿಂತ ಬೇರೆಯಾಗಿರಬಹುದು. ಉಪಯೋಗಕ್ಕೆ ಬರುವ ಉದಾಹರಣೆಯೂ ಇದೆ. ಕಬ್ಬು, ಜೋಳದಂಥ ಸಸ್ಯಗಳಲ್ಲಿ ಇಂಗಾಲ 13ರ ಪ್ರಮಾಣ ಜೇನುಹುಳುಗಳು ಮಕರಂದ ಹೀರುವ ಹೆಚ್ಚಿನ ಹೂಗಿಡಗಳಿಗಿಂತ ತುಸು ಹೆಚ್ಚು. ಜೇನುತುಪ್ಪಕ್ಕೆ ಕಬ್ಬಿನ ಸಕ್ಕರೆ ಬೆರೆಸಿದ್ದರೆ ಆಸ್ಟನ್‌ರ ಯಂತ್ರದ ಮರಿಮಕ್ಕಳು ಅದನ್ನು ಹಿಡಿದುಕೊಡುತ್ತವೆ. ನಾಲಿಗೆಗೆ ತಿಳಿಯದ ಕಲಬೆರಕೆ ಸಮಸ್ಥಾನಿಯ ಲೆಕ್ಕದಲ್ಲಿ ಸಿಕ್ಕಿಬೀಳುತ್ತದೆ.

2009ರಲ್ಲಿ ಅಂತರರಾಷ್ಟ್ರೀಯ ಸಮಿತಿ ಹತ್ತು ಮೂಲವಸ್ತುಗಳಿಗೆ ಒಂದೇ ಅಂಕಿ ಕೊಡುವುದನ್ನು ಬಿಟ್ಟು, ಇಷ್ಟರಿಂದ ಇಷ್ಟರವರೆಗೆ ಎಂದು ಎರಡು ಅಂಕಿ ಕೊಡಲು ತೀರ್ಮಾನಿಸಿತು. ಜಲಜನಕ, ಇಂಗಾಲ, ಆಮ್ಲಜನಕ, ಲಿಥಿಯಂ ಅದರಲ್ಲಿವೆ. ಕ್ಲೋರಿನ್ನೂ ಇದೆ, 35.446ರಿಂದ 35.457.

ಆ ಹುಡುಗಿಗೆ ಇಷ್ಟನ್ನೆಲ್ಲ ಹೇಳಲಿಲ್ಲ. ಎರಡು ಡಬ್ಬಿ ಬಟಾಣಿ ತಂದು, ಹಸಿರು ಮೂರು ಹಿಡಿ, ಬಿಳಿ ಒಂದು ಹಿಡಿ ಬೆರೆಸಿ ಮೇಜಿನ ಮೇಲೆ ಸುರಿದು, ಸರಾಸರಿ ತೆಗೆಸಿದೆ. ಮೂರು ಸಲ 35, ಒಂದು ಸಲ 37, ಕೂಡಿಸಿ ನಾಲ್ಕರಿಂದ ಭಾಗಿಸು. 35.5 ಬಂತು. "ಹಾಗಾದರೆ ಪುಸ್ತಕವೂ ಸರಿ, ಚಾರ್ಟೂ ಸರಿ" ಎಂದಳು. ಸ್ವಲ್ಪ ಹೊತ್ತು ಚಾರ್ಟನ್ನೇ ನೋಡುತ್ತಿದ್ದು, "ಮತ್ತೆ ಸೀಸದ್ದು, ಟೀಚರ್?" ಎಂದು ಕೇಳಿದಳು.

ಚಾರ್ಟಿನಲ್ಲಿ ಸೀಸ 207.2 ಎಂದಿದೆ. ದಿನಬಳಕೆಯ ಲೆಕ್ಕಕ್ಕೆ ಇಂದಿಗೂ ಅದೇ ಅಂಕಿ ನಡೆಯುತ್ತದೆ. ಆದರೆ ರಿಚರ್ಡ್ಸ್ ಮತ್ತು ಸಾಡಿ ಊರಿಗೊಂದು ಸೀಸವನ್ನು ತೂಗಿ ನೂರಕ್ಕೂ ಹೆಚ್ಚು ವರ್ಷಗಳಾದ ಮೇಲೆ, 2020ರಲ್ಲಿ, ಅಧಿಕೃತ ಪಟ್ಟಿಯಲ್ಲಿ ಸೀಸದ ಮುಂದೆಯೂ ಎರಡು ಅಂಕಿಗಳು ಬಂದವು: 206.14ರಿಂದ 207.94. ಪೆನ್ಸಿಲ್ ತೆಗೆದುಕೊಂಡು ಚಾರ್ಟಿನಲ್ಲಿ ಸೀಸದ ಮನೆಯ ಪಕ್ಕ ಅವೆರಡನ್ನೂ ಅವಳ ಕೈಯಿಂದಲೇ ಬರೆಸಿದೆ.